ತಂದೆಯ ಉದ್ಯೋಗ: ಹಗ್ಗ ಹೊಸೆಯುವುದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)

ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ ಬೇರೆ. ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗಿರುವ ಅವಕಾಶಗಳ ಬಗ್ಗೆ ಹತ್ತು ಹದಿನೈದು ನಿಮಿಷ ಮಾತಾಡಿ ಎಂದಿದ್ದರು. ನಾನೂ ಒಪ್ಪಿ, ಕಂಪ್ಯೂಟರಿನಲ್ಲಿ ಚಿತ್ರಗಳನ್ನೆಲ್ಲ ಜೋಡಿಸಿ ಇಟ್ಟುಕೊಂಡಿದ್ದೆ. ಆಮೇಲೆ ಈ ಸಂಪುಟಕ್ಕಾಗಿ ಹಳೆಯ ವಿದ್ಯಾರ್ಥಿಗಳ ವಿವರದ ಫಾರ್ಮ್ ಬಂತು. ಹೆಸರು, ಎಸ್‌ಎಸ್‌ಎಲ್‌ಸಿ ಮುಗಿಸಿದ ವರ್ಷ, ಈಗಿನ ಕೆಲಸ, ತಂದೆಯ ಹೆಸರು, ತಂದೆಯ ಉದ್ಯೋಗ. ಮೇಲಿನದನ್ನೆಲ್ಲ ಎರಡು ನಿಮಿಷದಲ್ಲಿ ತುಂಬಿದೆ. ಕೊನೆಯ ಕಾಲಮ್ಮಿನ ಮುಂದೆ ಎರಡು ದಿನ ಕೂತೆ. ಆದ್ದರಿಂದ ಇವತ್ತು ಆ ಒಂದು ಕಾಲಮ್ಮಿನ ಬಗ್ಗೆ ಮಾತಾಡುತ್ತೇನೆ. ಅವಕಾಶಗಳ ಬಗ್ಗೆ ಕೇಳಬೇಕೆನ್ನುವ ಮಕ್ಕಳು ಊಟದ ಹೊತ್ತಿಗೆ ಸಿಗಿ, ಎಷ್ಟು ಹೊತ್ತು ಬೇಕಾದರೂ ಹೇಳುತ್ತೇನೆ.

ಈ ಪ್ರಶ್ನೆ ನನಗೆ ಮೊದಲು ಎದುರಾದದ್ದು ಇದೇ ಶಾಲೆಯ ಆಫೀಸಿನಲ್ಲಿ. 2001ರಲ್ಲಿ ಎಂಟನೇ ತರಗತಿಗೆ ಸೇರಿಸಲು ಅಪ್ಪ ನನ್ನನ್ನು ಕರೆದುಕೊಂಡು ಬಂದಿದ್ದರು. ಸೈಕಲ್ಲಿನ ಕ್ಯಾರಿಯರ್ ಮೇಲೆ ಹಗ್ಗದ ಸುರುಳಿಗಳು ಹಾಗೇ ಇದ್ದವು. ಅಲ್ಲಿಂದ ನೇರ ಹಳ್ಳಿಗಳ ಕಡೆ ಹೋಗಬೇಕಿತ್ತಲ್ಲ. ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ಅಪ್ಪ, ಕೇಳಿದವರಿಗಷ್ಟೇ ಅಲ್ಲ, ಹೊರಗೆ ಸಾಲಿನಲ್ಲಿ ನಿಂತವರಿಗೂ ಕೇಳುವ ಹಾಗೆ, "ಹಗ್ಗ ಹೊಸಿತೀನ್ರೀ ಸಾ" ಎಂದರು. ನಾನು ನೆಲ ನೋಡಿದೆ. ಐದು ವರ್ಷದ ನಂತರ ಸಿಇಟಿ ಅರ್ಜಿ ತುಂಬುವಾಗ ಪೆನ್ನು ನನ್ನ ಕೈಯಲ್ಲೇ ಇತ್ತು. ತಂದೆಯ ಉದ್ಯೋಗ ಎಂಬಲ್ಲಿ ಬಿಸಿನೆಸ್ ಎಂದು ಬರೆದೆ. ಅಪ್ಪ ಪಕ್ಕದಲ್ಲೇ ಕೂತಿದ್ದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ನಾನು ಆ ಜಾಗಕ್ಕೆ ಬಂದಾಗ ತಡೆದದ್ದು ಕಂಡಿತ್ತು. "ಅಲ್ಲೇನಂತ ಬರ್ದಿ ತಮ್ಮಾ?" ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಸಿನೆಸ್ಸು ಅಂದ್ರೆ ಸಾಲ ಗೀಲ ಕೇಳಾಕೆ ಬಂದಾರು, ನೋಡಪಾ" ಎಂದು ನಕ್ಕರು. ಆ ನಗುವನ್ನು ನಾನು ಆಗ ತಮಾಷೆ ಎಂದುಕೊಂಡೆ.

ಅಪ್ಪನ ಕೆಲಸ ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲಿರುವ ಮಕ್ಕಳಲ್ಲಿ ಬಹಳ ಮಂದಿ ಹಗ್ಗ ಎಂದರೆ ಅಂಗಡಿಯಲ್ಲಿ ತೂಗಿ ಕೊಡುವ ನೀಲಿ ಬಣ್ಣದ ಪ್ಲಾಸ್ಟಿಕ್ ವಸ್ತು ಎಂದೇ ತಿಳಿದಿದ್ದಾರೆ.

ಜೋಳದ ಹೊಲದ ಅಂಚಿನಲ್ಲಿ ಪುಂಡಿ ಬೆಳೆಯುತ್ತಿದ್ದರು. ಎಳೆ ಎಲೆ ಪಲ್ಯಕ್ಕೆ, ಬಲಿತ ಗಿಡ ನಾರಿಗೆ. ಅಪ್ಪ ರೈತರಿಂದ ಪುಂಡಿಯ ಕಟ್ಟುಗಳನ್ನು ಕೊಂಡು, ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿ ಕೊಳೆಹಾಕುತ್ತಿದ್ದರು. ಎರಡು ವಾರದ ಹೊತ್ತಿಗೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಒಂದೆರಡು ದಿನ ಹೆಚ್ಚಾದರೆ ನಾರು ಸತ್ತುಹೋಗುತ್ತದೆ, ಕಡಿಮೆಯಾದರೆ ಕಡ್ಡಿಯಿಂದ ಬಿಡುವುದಿಲ್ಲ. ಅದಕ್ಕೆ ಕ್ಯಾಲೆಂಡರ್ ಇರಲಿಲ್ಲ. ವಾಸನೆ ನೋಡಿ ಹೇಳುತ್ತಿದ್ದರು. ಆ ವಾಸನೆ, ಸ್ನೇಹಿತರೇ, ಸಾಬೂನಿಗೆ ಹೋಗುವಂಥದ್ದಲ್ಲ. ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಇಲ್ಲೇ ಮೂರನೇ ಸಾಲಿನಲ್ಲಿದ್ದಾನೆ, ಒಂದು ದಿನವೂ ಮೂಗು ಮುಚ್ಚಿಕೊಳ್ಳಲಿಲ್ಲ. ಅವನಿಗೆ ಇಷ್ಟು ವರ್ಷದ ಮೇಲೆ ಒಂದು ನಮಸ್ಕಾರ. ಪುಂಡಿ ಸಿಗದ ಕಾಲದಲ್ಲಿ ಬೇಲಿಯ ಕತ್ತಾಳೆ. ಅದರ ರಸ ತಾಗಿದರೆ ಚರ್ಮ ಉರಿಯುತ್ತದೆ, ತುರಿಸುತ್ತದೆ. ಅವ್ವನ ಕೈಗೆ ಒಮ್ಮೆ ಹುಣ್ಣಾದ ಮೇಲೆ ಅಪ್ಪ ಅವ್ವನನ್ನು ಕತ್ತಾಳೆಯ ಹತ್ತಿರ ಬಿಡಲಿಲ್ಲ. ನೆನೆಹಾಕುವುದು, ಕಲ್ಲಿನ ಮೇಲೆ ಬಡಿಯುವುದು, ತೊಳೆಯುವುದು ಎಲ್ಲ ಅವರೇ.

ನಾರು ಒಣಗಿದ ಮೇಲೆ ಹೊಸೆಯುವುದು. ನಾರನ್ನು ಒಂದು ದಿಕ್ಕಿಗೆ ತಿರುಚಿದರೆ ಎಳೆ. ಅಂಥ ಮೂರು ಎಳೆಗಳನ್ನು ಸೇರಿಸಿ ಎದುರು ದಿಕ್ಕಿಗೆ ತಿರುಚಿದರೆ ಹಗ್ಗ. ಎಳೆ ಬಿಚ್ಚಿಕೊಳ್ಳಲು ಹವಣಿಸುತ್ತದೆ, ಹಗ್ಗವೂ ಬಿಚ್ಚಿಕೊಳ್ಳಲು ಹವಣಿಸುತ್ತದೆ, ಆದರೆ ಇಬ್ಬರ ದಿಕ್ಕೂ ಎದುರು ಬದುರು. ಒಂದರ ಜಗ್ಗಾಟವೇ ಇನ್ನೊಂದನ್ನು ಬಿಗಿಯುತ್ತದೆ. ಗಂಟಿಲ್ಲ, ಅಂಟಿಲ್ಲ. ಒಂದು ಮಾರಿನಷ್ಟೂ ಉದ್ದವಿಲ್ಲದ ನಾರುಗಳಿಂದ ಇಪ್ಪತ್ತು ಮಾರಿನ ಹಗ್ಗವಾಗುತ್ತದೆ. ತುದಿಯಿಂದ ತುದಿಯವರೆಗೆ ಹೋಗುವ ನಾರು ಅದರಲ್ಲಿ ಒಂದೂ ಇರುವುದಿಲ್ಲ. ಬಿ.ಇ. ಓದುವಾಗ ಕಂಪ್ಯೂಟರಿನಲ್ಲಿ ಏಕಕಾಲಕ್ಕೆ ನಡೆಯುವ ಕೆಲಸಗಳಿಗೆ ಥ್ರೆಡ್ ಎನ್ನುತ್ತಾರೆ, ಎಳೆ, ಎಂದು ನಮ್ಮ ಉಪನ್ಯಾಸಕರು ಹೇಳಿದಾಗ ಇಡೀ ತರಗತಿಯಲ್ಲಿ ನಾನೊಬ್ಬನೇ ನಕ್ಕಿದ್ದೆ. ಯಾಕೆ ನಕ್ಕೆ ಎಂದು ಕೇಳಿದರು. ಹೇಳಲಿಲ್ಲ.

ಅಪ್ಪ ಮಾಡುತ್ತಿದ್ದದ್ದು ಬಾವಿ ಹಗ್ಗ, ದನದ ಕಣ್ಣಿ, ಮೂಗುದಾರ, ಹೊರೆ ಬಿಗಿಯುವ ಹಗ್ಗ, ಗಾಡಿಯ ಮಿಣಿ, ತೊಟ್ಟಿಲ ಹಗ್ಗ, ಅಡುಗೆಮನೆಯ ನೆಲುವು. ಸೈಕಲ್ ಮೇಲೆ ಹೇರಿಕೊಂಡು ಬಾತಿ, ಬೇತೂರು, ಹದಡಿ, ಕುಕ್ಕವಾಡದ ಕಡೆಯೆಲ್ಲ ತಿರುಗುತ್ತಿದ್ದರು. ತೊಟ್ಟಿಲ ಹಗ್ಗಕ್ಕೆ ಮಾತ್ರ ಮನೆಯಲ್ಲಿ ಬೇರೆಯೇ ನಿಯಮ. ಅದಕ್ಕೆ ಹಳೆಯ ನಾರು ಸೇರಿಸುವಂತಿಲ್ಲ, ಅವಸರದಲ್ಲಿ ಹೊಸೆಯುವಂತಿಲ್ಲ, ಮುಗಿದ ಮೇಲೆ ಅಪ್ಪ ಅದನ್ನು ನಮ್ಮ ಮನೆಯ ತೊಲೆಗೆ ಕಟ್ಟಿ ತಾವೇ ಜೋತು ಬೀಳುತ್ತಿದ್ದರು. "ಎಂಬತ್ತು ಸೇರಿನ ಕೂಸು ತಡಕಂತು, ಇನ್ನು ಅವರ ಕೂಸಿಗೇನು ಭಯ" ಎನ್ನುತ್ತಿದ್ದರು.

ನಮ್ಮದು ಕುಳುವರ ಮನೆ. ಕೊರಮರು, ಕೊರಚರು, ಕೊರವರು ಎಂದು ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರು. ಹಗ್ಗ, ಬುಟ್ಟಿ, ಪೊರಕೆ ನಮ್ಮವರ ಕಸುಬು. ನಾವು ಕುಲಗುರು ಎಂದು ನಡೆದುಕೊಳ್ಳುವುದು ಹನ್ನೆರಡನೇ ಶತಮಾನದ ಶರಣ ನುಲಿಯ ಚಂದಯ್ಯನವರಿಗೆ. ನುಲಿ ಎಂದರೇ ಹೊಸೆ, ತಿರುಚು. ಕೆಲಸವೇ ಅವರ ಹೆಸರು. ಅವರ ಹುಟ್ಟೂರು ವಿಜಯಪುರ ಜಿಲ್ಲೆಯ ಶಿವಣಗಿ ಎನ್ನುತ್ತಾರೆ. ಕಲ್ಯಾಣಕ್ಕೆ ಬಂದು, ಕೆರೆಯ ಹೊಡಕೆ ಹುಲ್ಲು ಕೊಯ್ದು, ಹಗ್ಗ ಮಾಡಿ ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ಮಾಡುತ್ತಿದ್ದವರು. ಚಂದೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ಬರೆದವರು. ಶೂನ್ಯಸಂಪಾದನೆಯಲ್ಲಿ ಅವರ ಪ್ರಸಂಗವೇ ಇದೆ. ಕಲ್ಯಾಣದ ಗಲಭೆಯ ನಂತರ ನಮ್ಮ ಕಡೆಗೆ ಬಂದು ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿ ಐಕ್ಯರಾದರು ಎಂಬುದು ನಂಬಿಕೆ. ಸರ್ಕಾರ ಈಗ ನೂಲ ಹುಣ್ಣಿಮೆಗೆ ಅವರ ಜಯಂತಿ ಮಾಡುತ್ತದೆ. ಅಪ್ಪನಿಗೆ ಆ ಜಯಂತಿ ಶುರುವಾಗುವ ಮೊದಲೇ ನೂಲ ಹುಣ್ಣಿಮೆ ಎಂದರೆ ನುಲೇನೂರು. ಬಸ್ಸಿನ ಖರ್ಚಿಗೆ ಇದ್ದರೆ ಎಲ್ಲರೂ, ಇಲ್ಲದಿದ್ದರೆ ಅವರೊಬ್ಬರೇ. ಆ ವರ್ಷದ ಹೊಸ ನಾರಿನ ಮೊದಲ ಹಗ್ಗವನ್ನು ಮಾರದೆ ಇಟ್ಟು, ಅಲ್ಲಿಗೆ ಒಯ್ದು, ದಾರಿಯಲ್ಲಿ ಯಾರ ದನದ ಕೊರಳಲ್ಲಿ ಹಳೆ ಕಣ್ಣಿ ಕಂಡರೂ ಅವರಿಗೆ ಸುಮ್ಮನೆ ಕೊಟ್ಟು ಬರುವುದು ಅವರ ಸ್ವಂತ ಪದ್ಧತಿ. ಗುಡಿಗೆ ಯಾಕೆ ಕೊಡಲ್ಲ ಎಂದರೆ, "ಚಂದಯ್ಯಂಗೆ ಹಗ್ಗ ಕೊಡಾದು ಅಂದ್ರೆ ಮೀನಿಗೆ ನೀರು ಕೊಟ್ಟಂಗೆ" ಎನ್ನುತ್ತಿದ್ದರು.

ಚಂದಯ್ಯನವರ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಪುಸ್ತಕಗಳಲ್ಲಿ ಇರುವುದಕ್ಕಿಂತ ಅಪ್ಪ ಹೇಳುತ್ತಿದ್ದದ್ದು ಸ್ವಲ್ಪ ಬೇರೆ. ನನಗೆ ಬರುವುದು ಅವರದೇ. ಚಂದಯ್ಯ ಕೆರೆಯಲ್ಲಿ ನಿಂತು ಹುಲ್ಲು ಕೊಯ್ಯುತ್ತಿದ್ದಾಗ ಕೊರಳ ಲಿಂಗ ಜಾರಿ ನೀರಿಗೆ ಬಿತ್ತು. ಬೇರೆಯವರಾಗಿದ್ದರೆ ಎದೆ ಬಡಿದುಕೊಂಡು ಹುಡುಕುತ್ತಿದ್ದರು. ಚಂದಯ್ಯ ಹೊರೆ ಕಟ್ಟಿಕೊಂಡು ಹೊರಟ. ಲಿಂಗ ಹಿಂದೆ ಹಿಂದೆ ಬಂತು, ನನ್ನನ್ನು ಬಿಟ್ಟು ಹೋಗಬೇಡ ಎಂದಿತು. ಜಾರಿದವನು ನೀನು, ನನ್ನ ಕೆಲಸ ಕೆಡಿಸಬೇಡ ಎಂದ ಚಂದಯ್ಯ. ಮಡಿವಾಳ ಮಾಚಯ್ಯ ನಡುವೆ ಬಂದು ಪಂಚಾಯ್ತಿ ಮಾಡಿದ. ಕೊನೆಗೆ, ಇರುವುದಾದರೆ ಇರು, ಆದರೆ ಸುಮ್ಮನೆ ಕೂತು ಉಣ್ಣುವ ಹಾಗಿಲ್ಲ, ನಾನು ಹೊಸೆದ ಹಗ್ಗ ನೀನು ಮಾರಿ ಬರಬೇಕು ಎಂದು ಕರಾರಾಯಿತು. ದೇವರು ಹಗ್ಗ ಹೆಗಲಿಗೆ ಹಾಕಿಕೊಂಡು ಬೀದಿಗೆ ಹೋದ. ಹಗ್ಗದ ಬೆಲೆಗಿಂತ ಎಷ್ಟೋ ಪಟ್ಟು ಹೊನ್ನು ತಂದ, ಕೊಂಡವರು ಬಸವಣ್ಣನವರೇ. ಚಂದಯ್ಯನಿಗೆ ಸಿಟ್ಟು ಬಂತು. ಹಗ್ಗದ ಬೆಲೆ ಇಷ್ಟೇ, ಉಳಿದದ್ದು ನನ್ನದಲ್ಲ, ವಾಪಸ್ಸು ಕೊಟ್ಟು ಬಾ ಎಂದ. ಇಲ್ಲಿಗೆ ಬಂದಾಗ ಅಪ್ಪ ಹೊಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. "ದೇವರಿಗೂ ರೇಟು ಗೊತ್ತಿರಬೇಕು ನೋಡಪಾ."

ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ ಕಾಯಕ ಬಿಟ್ಟರೆ ಯಾರಿಗೂ ಬಿಡುಗಡೆ ಇಲ್ಲ ಎಂಬ ಅರ್ಥದ ಚಂದಯ್ಯನವರ ವಚನವನ್ನು ನಾನು ದೊಡ್ಡವನಾದ ಮೇಲೆ ಓದಿದೆ. ಅಪ್ಪ ಓದಿರಲಿಲ್ಲ. ಅವರು ನಾಲ್ಕನೇ ತರಗತಿ.

ಈಗ 2002ನೇ ಇಸವಿಗೆ ಬರುತ್ತೇನೆ. ನಾನು ಒಂಬತ್ತನೇ ತರಗತಿ. ಶಾಲೆಯ ಹಗ್ಗ ಜಗ್ಗಾಟದ ಹಗ್ಗ ಹರಿದುಹೋಗಿತ್ತು. ಆಗಿನ ಹೆಡ್ಮಾಸ್ಟರು ಅಪ್ಪನನ್ನು ಕರೆಸಿದರು. ಹದಿನೈದು ಮಾರಿನ ಹಗ್ಗ, ಹುಡುಗರ ಮಣಿಕಟ್ಟಿನಷ್ಟು ದಪ್ಪ. ಹೊಸೆಯುವಾಗ ಉದ್ದ ತಗ್ಗುತ್ತದೆ, ಹಾಗಾಗಿ ಎಳೆಗಳನ್ನು ಇಪ್ಪತ್ತು ಮಾರಿಗೂ ಮೀರಿ ಹಾಕಬೇಕು. ನಮ್ಮ ಬೀದಿಯಲ್ಲಿ ಅಷ್ಟು ಜಾಗವಿರಲಿಲ್ಲ. ಒಂದು ಭಾನುವಾರ ಇದೇ ಮೈದಾನದಲ್ಲಿ, ಆ ಬೇವಿನ ಮರದಿಂದ ಈ ಕಡೆಗೆ, ಅಪ್ಪ, ಅವ್ವ, ಅಕ್ಕ ಸೇರಿ ಹೊಸೆದರು. ಅಪ್ಪ ನಡುವೆ, ಮೂರು ಗಾಡಿ ಕೊರೆದ ಮರದ ತುಂಡನ್ನು ಎಳೆಗಳ ಮಧ್ಯೆ ಹಿಡಿದು ನಡೆಯುತ್ತಿದ್ದರು. ಅದು ಹಿಂದೆ ಸರಿದ ಹಾಗೆಲ್ಲ ಮುಂದೆ ಹಗ್ಗ ಹುಟ್ಟುತ್ತಿತ್ತು. ನನಗೆ ಜ್ವರ ಎಂದು ಹೇಳಿ ನಾನು ಮನೆಯಲ್ಲಿ ಮಲಗಿದ್ದೆ. ಜ್ವರ ಇರಲಿಲ್ಲ. ಹಾಸ್ಟೆಲ್ ಹುಡುಗರು ಭಾನುವಾರ ಮೈದಾನಕ್ಕೆ ಆಡಲು ಬರುತ್ತಿದ್ದರು.

ಮರುವಾರದ ಕ್ರೀಡಾಕೂಟದಲ್ಲಿ ನಮ್ಮ ತಂಡ ಗೆದ್ದಿತು. ಹಗ್ಗ ಎಂಥ ಗಟ್ಟಿ ಐತಲೇ, ಎಲ್ಲಿಂದ ತಂದ್ರು, ಎಂದು ಹುಡುಗರು ಮಾತಾಡಿಕೊಂಡರು. ನಾನೂ ಎಲ್ಲಿಂದ ತಂದರೋ ಎಂದೆ. ಇದನ್ನು ಇಪ್ಪತ್ತೆರಡು ವರ್ಷದ ನಂತರ ಮೈಕಿನಲ್ಲಿ ಹೇಳುತ್ತಿದ್ದೇನೆ.

ಆ ಹಗ್ಗಕ್ಕೆ ಅಪ್ಪ ಹಾಕಿದ ಲೆಕ್ಕ ನಾರು, ಕೂಲಿ ಎಲ್ಲ ಸೇರಿ 450 ರೂಪಾಯಿ. ಹೆಡ್ಮಾಸ್ಟರು 500 ಕೊಟ್ಟು ಇಟ್ಟುಕೊಳ್ಳಿ ಎಂದರು. ಅಪ್ಪ ನಿಂತಲ್ಲೇ 50 ವಾಪಸ್ಸು ಕೊಟ್ಟು, ಒಂದು ಚೀಟಿಯಲ್ಲಿ 450 ಎಂದು ಬರೆಸಿಕೊಂಡು, ಸಹಿ ಹಾಕಿಸಿಕೊಂಡು ಬಂದರು. ಆ ತಿಂಗಳು ಮನೆಯಲ್ಲಿ ಅಕ್ಕಿಗೆ ತತ್ವಾರ. ನನಗೆ ಸಿಟ್ಟು ಬಂದಿತ್ತು. ಚಂದಯ್ಯನ ಕಥೆ ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ. "ನಮ್ಮನ್ಯಾಗ ಲೆಕ್ಕಕ್ಕಿಂತ ಹೆಚ್ಚು ದುಡ್ಡು ಇರಬಾರದು ತಮ್ಮಾ. ಎಲ್ಲಿಂದ ಬಂತು ಅಂತ ಕೇಳ್ತಾರೆ" ಎಂದರು. ಆ ಮಾತು ನನಗೆ ಅರ್ಥವಾಗಲು ಅಜ್ಜನ ಕಥೆ ತಿಳಿಯಬೇಕಾಯಿತು.

1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ಎಂಬ ಕಾಯ್ದೆ ತಂದರು. ಊರೂರು ತಿರುಗಿ ಬದುಕುವ ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಪಟ್ಟಿ ಮಾಡುವ ಕಾಯ್ದೆ. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ನಮ್ಮವರ ಹೆಸರೂ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿದ್ದವರು ಪೊಲೀಸರ ಮುಂದೆ ಹಾಜರಿ ಕೊಡಬೇಕು, ಊರು ಬಿಟ್ಟು ಹೋಗಲು ಚೀಟಿ ಬೇಕು. ಹುಬ್ಬಳ್ಳಿಯಲ್ಲಿ ಇಂಥ ಸಮುದಾಯಗಳನ್ನು ಬೇಲಿಯೊಳಗೆ ಇಟ್ಟಿದ್ದ ಜಾಗವನ್ನು ಇವತ್ತಿಗೂ ಸೆಟ್ಲ್‌ಮೆಂಟ್ ಎನ್ನುತ್ತಾರೆ. ನಮ್ಮ ಅಜ್ಜನ ಊರು ಹರಪನಹಳ್ಳಿ ತಾಲ್ಲೂಕಿನಲ್ಲಿ, ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಹಗ್ಗ ಮಾರಲು ಪಕ್ಕದೂರಿಗೆ ಹೋದರೂ ಅಜ್ಜನ ಸೊಂಟದಲ್ಲಿ ಚೀಟಿ ಇರಬೇಕಿತ್ತು. ಆ ತಾಲ್ಲೂಕು ಮಾತ್ರ ಆಮೇಲೆ ಯಾವ ಚೀಟಿಯೂ ಇಲ್ಲದೆ ಮದ್ರಾಸಿನಿಂದ ಮೈಸೂರಿಗೆ, 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, ಮತ್ತೆ ಬಳ್ಳಾರಿಗೆ, ಈಗ ವಿಜಯನಗರ ಜಿಲ್ಲೆಗೆ ತಿರುಗಿ ಬಂತು. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರ ಆಗಸ್ಟ್ 31ರಂದು, ಆ ಕಾಯ್ದೆ ರದ್ದಾಯಿತು. ಅಪ್ಪ ಹುಟ್ಟಿದ ವರ್ಷ ಯಾವುದು ಎಂದರೆ ಅಜ್ಜಿ, "ಹಾಜರಿ ನಿಂತಿತ್ತಲ್ಲ, ಅದರ ಮರುವರ್ಷ" ಎನ್ನುತ್ತಿದ್ದರು. ಯಾವ ಹಾಜರಿ ಎಂದು ನಾನು ಕೇಳಿರಲಿಲ್ಲ. ಶಾಲೆಯ ಹಾಜರಿ ಇರಬೇಕು ಎಂದುಕೊಂಡಿದ್ದೆ.

ಚೀಟಿ ಬೇಕಿಲ್ಲವಾದ ಮೇಲೆ ಅಜ್ಜ ದಾವಣಗೆರೆಗೆ ಬಂದರು. ಹತ್ತಿ ಮಿಲ್ಲುಗಳ ಊರು, ಹತ್ತಿ ಹೇರಿಕೊಂಡು ಬರುವ ಗಾಡಿಗಳಿಗೆ ಮಿಣಿ ಬೇಕು, ಹಗ್ಗ ಬೇಕು. ಕಾಯ್ದೆ ಹೋದರೂ ಹೆಸರು ಹೋಗಲು ಹೊತ್ತು ಹಿಡಿಯಿತು. ಎಲ್ಲಾದರೂ ಕಳುವಾದರೆ ಮೊದಲು ನಮ್ಮ ಗುಡಿಸಲುಗಳ ಕಡೆ ಬರುತ್ತಿದ್ದರಂತೆ. ಅಪ್ಪ ಹುಡುಗನಾಗಿದ್ದಾಗ ಅಜ್ಜನ ಹತ್ತಿರ ಸಿಕ್ಕಿದ ಇಪ್ಪತ್ತು ರೂಪಾಯಿಗೆ ಲೆಕ್ಕ ಕೇಳಿ, ಎರಡು ದಿನ ಕೂರಿಸಿಕೊಂಡಿದ್ದರು. ಹಗ್ಗ ಕೊಂಡ ಗೌಡರು ಬಂದು ಹೇಳಿದ ಮೇಲೆ ಬಿಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಚೀಟಿ. ಮಾರಿದ ಪ್ರತಿ ಹಗ್ಗಕ್ಕೂ ಚೀಟಿ, ಕೊಂಡವರ ಸಹಿ ಅಥವಾ ಹೆಬ್ಬೆಟ್ಟು. ಅಪ್ಪ ತೀರಿಹೋದ ಮೇಲೆ ಟ್ರಂಕು ತೆಗೆದರೆ ಬಟ್ಟೆಗಿಂತ ಚೀಟಿಗಳೇ ಹೆಚ್ಚು. ಹದಡಿಯವರಿಗೆ ಎರಡು ಕಣ್ಣಿ, ಬೇತೂರಿನವರಿಗೆ ಬಾವಿ ಹಗ್ಗ. ಅದರಲ್ಲೇ ಈ ಶಾಲೆಯ 450 ರೂಪಾಯಿಯ ಚೀಟಿಯೂ ಇದೆ. ಸಮಿತಿಯವರಿಗೆ ಕೊಟ್ಟಿದ್ದೇನೆ, ಪ್ರದರ್ಶನದ ಕೋಣೆಯಲ್ಲಿ ಇಟ್ಟಿದ್ದಾರೆ.

ಅಪ್ಪ ಪ್ರಾಮಾಣಿಕರು ಎಂದು ಊರವರು ಹೇಳುತ್ತಿದ್ದರು. ಆ ಪ್ರಾಮಾಣಿಕತೆಯಲ್ಲಿ ಚಂದಯ್ಯನವರ ಮೇಲಿನ ಭಕ್ತಿ ಎಷ್ಟು, ಅಜ್ಜ ಕೂತು ಬಂದ ಆ ಎರಡು ದಿನದ ಭಯ ಎಷ್ಟು ಎಂದು ನಾನು ಬಹಳ ಯೋಚಿಸಿದ್ದೇನೆ. ಬಿಡಿಸಲು ನನ್ನಿಂದ ಆಗಿಲ್ಲ. ಹಾಗೆ ನೋಡಿದರೆ ಬಿಸಿನೆಸ್ ಎಂದು ಬರೆದ ನನ್ನ ಕೈಯಲ್ಲೂ ಅದೇ ಭಯ ಇತ್ತು. ಅಪ್ಪ ಆ ಭಯವನ್ನು ಲೆಕ್ಕ ಒಪ್ಪಿಸಿ ಎದುರಿಸಿದರು, ನಾನು ಬಚ್ಚಿಟ್ಟು ಎದುರಿಸಲು ನೋಡಿದೆ.

ಅಪ್ಪನನ್ನು ದೇವರು ಮಾಡಲು ನಾನು ಇಲ್ಲಿ ನಿಂತಿಲ್ಲ. ಹಗ್ಗ ಒಬ್ಬರಿಂದ ಆಗುವ ಕೆಲಸವಲ್ಲ. ಇನ್ನೊಂದು ತುದಿಯಲ್ಲಿ ಹಿಡಿಕೆ ತಿರುಗಿಸಲು ಯಾರಾದರೂ ಬೇಕು. ಅವ್ವನಿಗೆ ಕೀಲುನೋವು ಶುರುವಾದಾಗ ಆ ತುದಿಗೆ ಬಂದವಳು ಅಕ್ಕ. ಏಳನೇ ತರಗತಿ ಪಾಸಾಗಿದ್ದಳು, ನನಗಿಂತ ಜಾಣೆ, ಮಗ್ಗಿಯಲ್ಲಿ ಅವಳನ್ನು ಸೋಲಿಸುವವರಿರಲಿಲ್ಲ. ನನಗೆ ಇಪ್ಪತ್ತರ ತನಕದ ಮಗ್ಗಿ ಕಲಿಸಿದ್ದು ಅವಳೇ, ಹಿಡಿಕೆ ತಿರುಗಿಸುತ್ತ, ಒಂದು ಸುತ್ತಿಗೆ ಒಂದು ಸಾಲು. ನಾಲ್ಕೇ ಬೀದಿ ಆಚೆಗಿದ್ದ ಈ ಹೈಸ್ಕೂಲಿಗೆ ಅವಳು ಬರಲಿಲ್ಲ. ಇಬ್ಬರಲ್ಲಿ ಒಬ್ಬರನ್ನು ಬಿಡಿಸಬೇಕಾದಾಗ ಹೆಣ್ಣುಮಗುವನ್ನು ಬಿಡಿಸಿದರು. ಎಲ್ಲರ ಮನೆಯಲ್ಲೂ ಆಗ ಹಾಗೇ ನಡೆಯುತ್ತಿತ್ತು ಎನ್ನಬಹುದು. ದೇವರಿಗೂ ಪಾಲಿನ ಕೆಲಸ ಹಂಚಿದ ಚಂದಯ್ಯನ ಭಕ್ತರು ಮಗಳಿಗೆ ಪಾಲಿನ ಓದು ಹಂಚಲಿಲ್ಲ. ಅಪ್ಪನಿಗೆ ಇದು ಗೊತ್ತಿತ್ತು. ನನಗೆ ಕೆಲಸ ಸಿಕ್ಕ ಸುದ್ದಿ ಹೇಳಲು ಬಂದ ದಿನ ಪೇಡೆಯ ಡಬ್ಬಿಯನ್ನು ನನ್ನ ಕೈಯಿಂದ ಇಸಿದುಕೊಂಡು, ಮೊದಲು ಅಕ್ಕನ ಮನೆಗೆ ಸೈಕಲ್ ತುಳಿದುಕೊಂಡು ಹೋದರು. "ಇದು ನಿಂದವ್ವಾ" ಎಂದು ಅವಳ ಕೈಯಲ್ಲಿ ಇಟ್ಟು, ಚಾ ಕೂಡ ಕುಡಿಯದೆ ಎದ್ದು ಬಂದರಂತೆ. ಅಕ್ಕ ಅಲ್ಲಿ ಹಿಂದೆ ಕೂತಿದ್ದಾಳೆ. ಇದನ್ನೆಲ್ಲ ಯಾಕೆ ಹೇಳ್ತೀಯೋ ಎಂದು ಮನೆಗೆ ಹೋದ ಮೇಲೆ ಬೈಯುತ್ತಾಳೆ, ಬೈಯಲಿ. ಅವಳ ಮಗಳು ಈಗ ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಒಂದನೇ ತರಗತಿಗೆ ಸೇರಿದಂದಿನಿಂದ ಅಪ್ಪ ಇರುವ ತನಕ ಅವಳ ನೋಟ್‌ಬುಕ್ಕುಗಳನ್ನು ಅಪ್ಪನೇ ಕೊಂಡು ತರುತ್ತಿದ್ದರು. ನಾನು ತರುತ್ತೇನೆ ಎಂದರೆ ಕೇಳುತ್ತಿರಲಿಲ್ಲ.

ಪ್ಲಾಸ್ಟಿಕ್ ಹಗ್ಗ ಬಂದದ್ದು, ಬಾವಿಗಳು ಹೋಗಿ ಬೋರ್‌ವೆಲ್ ಬಂದದ್ದು, ಎತ್ತು ಹೋಗಿ ಟ್ರ್ಯಾಕ್ಟರ್ ಬಂದದ್ದು ನಿಮಗೆಲ್ಲ ಗೊತ್ತಿರುವ ಕಥೆ. ಕೊನೆಯ ಹತ್ತು ವರ್ಷ ಅಪ್ಪ ತಮ್ಮ ಹಗ್ಗದ ಜೊತೆಗೆ ಪ್ಲಾಸ್ಟಿಕ್ ಹಗ್ಗವನ್ನೂ ತಂದು ಮಾರುತ್ತಿದ್ದರು. ಅವರಿಗೆ ಅದರಲ್ಲಿ ಬೇಜಾರೇನೂ ಇರಲಿಲ್ಲ, ನಮಗೇ ಇದ್ದದ್ದು. ನೀರಲ್ಲಿ ಕೊಳೆಯಲ್ಲ, ಅಗ್ಗ, ಜನಕ್ಕೆ ಬೇಕು ಎನ್ನುತ್ತಿದ್ದರು. ಮೂಗುದಾರಕ್ಕೆ ಮಾತ್ರ ಕೊನೆಯವರೆಗೂ ಪ್ಲಾಸ್ಟಿಕ್ ಕೊಡಲಿಲ್ಲ. ಅದು ದನದ ಮೂಗು ಕೊಯ್ಯುತ್ತದೆ. ಯಾರಾದರೂ ಒತ್ತಾಯ ಮಾಡಿದರೆ, "ಮೊದ್ಲು ನಿನ್ನ ಮೂಗಿಗೆ ಹಾಕ್ಕಂಡು ಒಂದು ದಿನ ಇರು, ಆಮ್ಯಾಲೆ ಕೊಡ್ತೀನಿ" ಎನ್ನುತ್ತಿದ್ದರು.

ಬೆಂಗಳೂರಿಗೆ ಬಂದು ನನ್ನ ಜೊತೆ ಇರಿ ಎಂದು ಕರೆದುಕೊಂಡು ಹೋಗಿದ್ದೆ. ಹದಿನೇಳು ದಿನ ಇದ್ದರು. ನನ್ನ ಕೆಲಸ ಏನು ಎಂದು ಕೇಳಿದರು. ಬ್ಯಾಂಕುಗಳ ಲೆಕ್ಕ ತಪ್ಪದ ಹಾಗೆ ನೋಡಿಕೊಳ್ಳುವ ಪ್ರೋಗ್ರಾಂ ಬರೆಯುವುದು, ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬುದಕ್ಕೆ ಗುರುತು ಉಳಿಯುವಂತೆ ಮಾಡುವುದು ಎಂದೆ. "ಓ, ಚೀಟಿ" ಎಂದರು. ನನ್ನ ಕೆಲಸವನ್ನು ಅಷ್ಟು ಚಿಕ್ಕದಾಗಿ ಇವತ್ತಿನವರೆಗೆ ಯಾರೂ ಹೇಳಿಲ್ಲ.

2019ರಲ್ಲಿ ಅಪ್ಪ ಹೋದರು. ಮಣ್ಣು ಮಾಡಲು ಬೇಕಾದ ಹಗ್ಗ ಮನೆಯಲ್ಲೇ ಇತ್ತು. ಅವರೇ ಹೊಸೆದು ತೊಲೆಗೆ ಸಿಕ್ಕಿಸಿ ಇಟ್ಟಿದ್ದರು. ಅದಕ್ಕೆ ಚೀಟಿ ಇರಲಿಲ್ಲ.

ಫಾರ್ಮಿನಲ್ಲಿ ಏನು ಬರೆದೆ ಎಂಬುದು ಸಂಪುಟದ ಹಿಂದಿನ ಪುಟಗಳ ಪಟ್ಟಿಯಲ್ಲಿ ಇರುತ್ತದೆ, ನೋಡಬಹುದು. ಅಕ್ಷರ ಉದ್ದವಾಯಿತು, ಕಾಲಮ್ಮಿನಲ್ಲಿ ಹಿಡಿಯುವುದಿಲ್ಲ ಎಂದು ಸಮಿತಿಯ ಗೆಳೆಯರು ಫೋನ್ ಮಾಡಿದ್ದರು. ಎರಡು ಸಾಲಿನಲ್ಲಿ ಹಾಕಿ ಎಂದೆ.

ಕೊನೆಯದಾಗಿ ಒಂದು ವಿಷಯ ಹೇಳಿ ಮೈಕ್ ಬಿಡುತ್ತೇನೆ. ಬೆಳಿಗ್ಗೆ ದೈಹಿಕ ಶಿಕ್ಷಕರು ಸ್ಟೋರ್ ರೂಮಿನಿಂದ ಆ ಹಳೆಯ ಹಗ್ಗ ತೆಗೆದು ತೋರಿಸಿದರು. ತುದಿ ಬಿಚ್ಚದ ಹಾಗೆ ಅಪ್ಪ ಸುತ್ತಿದ ಹುರಿ ಇನ್ನೂ ಹಾಗೇ ಇದೆ. ಮಧ್ಯಾಹ್ನ ಹಳೆಯ ವಿದ್ಯಾರ್ಥಿಗಳಿಗೂ ಈಗಿನ ಹತ್ತನೇ ತರಗತಿಯವರಿಗೂ ಹಗ್ಗ ಜಗ್ಗಾಟ ಇದೆಯಲ್ಲ, ಈ ಹಗ್ಗದಲ್ಲೇ ಆಡಿಸೋಣ ಎಂದು ಕೆಲವರು ಪ್ರೀತಿಯಿಂದ ಹೇಳುತ್ತಿದ್ದಾರೆ. ದಯವಿಟ್ಟು ಬೇಡ. ಇಪ್ಪತ್ತೆರಡು ವರ್ಷದ ಪುಂಡಿ ನಾರು, ಮಳೆಗಾಲದಲ್ಲಿ ಸ್ಟೋರ್ ರೂಮ್ ಸೋರಿದೆ. ಮೇಲೆ ಚೆನ್ನಾಗಿ ಕಂಡರೂ ಒಳಗಿನ ಎಳೆ ಸತ್ತಿರುತ್ತದೆ. ಜೋರಾಗಿ ಜಗ್ಗಿದರೆ ನಡುವೆ ಕಡಿದು ಎರಡೂ ಕಡೆಯವರು ಹಿಂದಕ್ಕೆ ಬಿದ್ದು ಮಕ್ಕಳಿಗೆ ಪೆಟ್ಟಾಗುತ್ತದೆ. ಹೊಸ ಹಗ್ಗ ತಂದು ನನ್ನ ಕಾರಿನಲ್ಲಿ ಇಟ್ಟಿದ್ದೇನೆ. ಪ್ಲಾಸ್ಟಿಕ್ಕಿನದೇ, ಆದರೆ ಗಟ್ಟಿ ಇದೆ. ಅಂಗಡಿಯ ಚೀಟಿ ದೈಹಿಕ ಶಿಕ್ಷಕರಿಗೆ ಕೊಟ್ಟಿದ್ದೇನೆ.